ವಾಪಸ್ ತಂದ ಬಂಗಾರ

ಗಂಗಾವತಿಯ ಪಂಪಾಪತಿಯವರಿಗೆ ಬಂಗಾರದ ರೇಟು ಬಾಯಿಪಾಠ. ಇವತ್ತು ಯಾವ ವಾರ ಅಂತ ಕೇಳಿ, ತಡವರಿಸುತ್ತಾರೆ. (ಕಾಲುವೆ ಆಫೀಸಿನಿಂದ ನಿವೃತ್ತರಾದ ಮೇಲೆ ಅವರಿಗೆ ಎಲ್ಲ ವಾರವೂ ಭಾನುವಾರವೇ.)

ಇದಕ್ಕೆಲ್ಲ ಮೂಲ ಒಂದು ನಾಣ್ಯ. ಇಪ್ಪತ್ತನಾಲ್ಕು ವರ್ಷದ ಹಿಂದೆ ಟೀವಿಯವರು ನಡೆಸಿದ ದಂಪತಿಗಳ ಆಟದಲ್ಲಿ ಅವರೂ ಹೆಂಡತಿ ಮಲ್ಲೇಶ್ವರಿಯೂ ಗೆದ್ದ ಹತ್ತು ಗ್ರಾಮಿನ ಅಪ್ಪಟ ಬಂಗಾರದ ನಾಣ್ಯ. ಹೆಂಡತಿಗೆ ಸಿಟ್ಟು ಬಂದರೆ ಏನು ಮಾಡುತ್ತಾಳೆ ಅನ್ನುವುದು ಕೊನೆಯ ಪ್ರಶ್ನೆ. ಇಬ್ಬರೂ ಬೇರೆ ಬೇರೆ ಹಲಗೆಯ ಮೇಲೆ ಒಂದೇ ಉತ್ತರ ಬರೆದಿದ್ದರು: "ಭಾಂಡೆ ಕುಕ್ಕತಾಳ." ವಾಪಸ್ ಬರುವಾಗ ಬಸ್ಸಿನಲ್ಲಿ ಮಲ್ಲೇಶ್ವರಿಯದು ಒಂದೇ ಗೋಳು.

"ಒಂದ ಉತ್ತರ ತಪ್ಪ ಬರದಿದ್ರ ನಿಮ್ಮ ಗಂಟೇನ ಹೋಗತಿತ್ರಿ? ಎರಡನೇ ಬಹುಮಾನ ಕೂಲರ್ ಇತ್ತು!"

ಆಗ ನಾಲ್ಕೂವರೆ ಸಾವಿರದ ನಾಣ್ಯ ಈಗ ಲಕ್ಷ ದಾಟಿ ಮೆರೆಯುತ್ತಿದೆ. ಗೆದ್ದ ಜೋಡಿಯ ಕಥೆ ಹಾಗಿಲ್ಲ. ಓಣಿಯ ಮಹಿಳಾ ಸಂಘದ ಅಧ್ಯಕ್ಷ ಪದವಿ ಅಲಂಕರಿಸಿದ ಮೇಲೆ ಮಲ್ಲೇಶ್ವರಿಗೆ ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ-ಭಾಂಡೆಯ ಸದ್ದೇ ಅಡಗಿದೆ. ಆ ಮೌನದಲ್ಲಿ ಪಂಪಾಪತಿಯವರಿಗೆ ಒಬ್ಬಂಟಿ ಅನ್ನಿಸುತ್ತದೆ. ಅದಕ್ಕೇ ದಿನಾ ರೇಟು ಹೇಳುವ ನೆಪದಲ್ಲಿ ಮಾತು ತೆಗೆಯುತ್ತಾರೆ. ಆಕೆ "ಹೂಂ" ಅನ್ನುತ್ತಾಳೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಅವತ್ತು ಸಂಜೆಯೂ ಮೊಬೈಲಿನಲ್ಲಿ ರೇಟು ನೋಡುತ್ತ ಕೂತಿದ್ದರು. ಮಲ್ಲೇಶ್ವರಿ ಎದುರಿಗೆ ಬಂದು ಏನೋ ಹಿಡಿದು ನಿಂತಳು.

"ಟೇಬಲ್ ಮ್ಯಾಲ ಇಡು. ಇವತ್ತ ಮತ್ತ ಮುನ್ನೂರು ಏರೇತಿ ನೋಡು," ಅಂದರು, ತಲೆ ಎತ್ತದೆ.

ಆಕೆ ಇಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು.

ಅರ್ಧ ತಾಸಿಗೆ ಮನೆ ಬಿಕೋ ಅನ್ನಿಸಿ ಇವರೇ ಫೋನು ಮಾಡಿದರು.

"ಎಲ್ಲಿ ಅದೀ?"

"ಬಂಗಾರ ಕೊಡಾಕ ಬಂದೇನ್ರಿ. ದಾವಲಬೀಗೆ ಕೊಟ್ಟೆ, ಈಗ ಶೇಖರಮ್ಮನ ಮನಿಗೆ..." ಫೋನು ಕಟ್ಟಾಯಿತು.

ನಾಣ್ಯವನ್ನೇ ಕೊಟ್ಟುಬಿಟ್ಟಳು ಅಂದುಕೊಂಡರು ಪಂಪಾಪತಿಯವರು. ಅದನ್ನಿಟ್ಟ ಟ್ರಂಕು ತೆಗೆದು ನೋಡುವಷ್ಟು ತಾಳ್ಮೆ ಯಾರಿಗಿದೆ? ಬನಿಯನ್ನಿನಲ್ಲೇ ಪಕ್ಕದ ಮನೆಗೆ ಓಡಿದರು.

"ದಾವಲಬೀ, ನಮ್ಮ ಬಂಗಾರ ವಾಪಸ್ ಕೊಡವಾ! ಆಕಿ ತಿಳೀಲಾರದ ಕೊಟ್ಟಾಳ!"

ದಾವಲಬೀ ಬಾಯಿ ತೆರೆದು ನೋಡಿದಳು. ಒಳಗೆ ಹೋಗಿ ತಂದು ಅವರ ಅಂಗೈಯಲ್ಲಿಟ್ಟಳು. ನಾಲ್ಕು ಬನ್ನಿ ಎಲೆ.

"ಇವತ್ತ ದಸರಾ ಅಲ್ಲೇನ್ರಿ ಅಣ್ಣಾರ? ಪ್ರತಿ ವರ್ಷ ಅಕ್ಕಾರು ಬನ್ನಿ ಬಂಗಾರ ಕೊಟ್ಟ ಹೋಗ್ತಾರ. ಕೊಟ್ಟ ಬಂಗಾರ ವಾಪಸ್ ಕೇಳೋರನ್ನ ಮಾತ್ರ ಇವತ್ತ ನೋಡಿದ್ನಿ. ಕುಂದರ್ರಿ, ಚಾ ಕುಡದ ಹೋಗ್ರಿ."

ಕುಂದರ್ರಿ ಅಂತ ಯಾರಾದರೂ ಅಂದು ಎಷ್ಟು ದಿನವಾಗಿತ್ತೋ. ಪಂಪಾಪತಿಯವರು ನಾಚಿಕೆ ನುಂಗಿಕೊಂಡು ಎರಡು ಕಪ್ಪು ಚಹಾ ಕುಡಿದರು. ಆಗ ಹೊಳೆಯಿತು: ಸಂಜೆ ಮಲ್ಲೇಶ್ವರಿ ಕೈಯಲ್ಲಿ ಹಿಡಿದು ನಿಂತದ್ದು ಬನ್ನಿ. ಊರಿಗೆಲ್ಲ ಹಂಚುವ ಮೊದಲು ಗಂಡನಿಗೆ ಕೊಡಲು ಬಂದಿದ್ದಳು.

ಮನೆಗೆ ಬಂದು, ಅಂಗಿ ತೊಟ್ಟು, ತಲೆ ಬಾಚಿ ಕಾದರು. ಮಲ್ಲೇಶ್ವರಿ ಮೊಬೈಲಿನಲ್ಲಿ ಸಂಘದ ಸಭೆಯ ಸುದ್ದಿ ಒತ್ತುತ್ತಲೇ ಒಳಗೆ ಬಂದಳು. ಪಂಪಾಪತಿಯವರು ಎರಡೂ ಕೈಯಲ್ಲಿ ಎಲೆ ಹಿಡಿದು ಮುಂದೆ ನಿಂತರು.

"ಬಂಗಾರ ತಗೋ. ನಾವಿಬ್ರೂ ಬಂಗಾರದಂಗ ಇರೋಣು."

"ಟೇಬಲ್ ಮ್ಯಾಲ ಇಡ್ರಿ," ಅಂದಳು ಆಕೆ, ತಲೆ ಎತ್ತದೆ.

ಇಟ್ಟರು. ಆಮೇಲೆ ಅಡಿಗೆಮನೆಗೆ ಹೋಗಿ, ಒಂದು ಬೋಗುಣಿ ಎತ್ತಿ, ತಾವೇ ಕುಕ್ಕಿದರು.