ಜಾಮೂನಿನ ಪರೀಕ್ಷೆ

ಮಂಚೇನಹಳ್ಳಿಯ ಮುನಿವೆಂಕಟಪ್ಪನವರಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಮನೆಯ ಸಕ್ಕರೆ ಡಬ್ಬ ಹೆಂಡತಿ ವರಲಕ್ಷ್ಮಮ್ಮನ ಬೀರು ಸೇರಿತ್ತು. ಹೇಗೋ ಸಹಿಸಿದ್ದರು. ಆದರೆ ದೀಪಾವಳಿಯ ಬೆಳಿಗ್ಗೆ ಜಾಮೂನು ಕರಿಯುವ ವಾಸನೆ ಮೂಗಿಗೆ ಬಡಿದದ್ದೇ ತಡ, ಅವರ ವೈರಾಗ್ಯವೆಲ್ಲ ಕರಗಿಹೋಯಿತು. ಒಂದಾದರೂ ತಿನ್ನಲೇಬೇಕು.

ಪಕ್ಕದ ಮನೆಯಲ್ಲಿ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ಮುರಳಿಮೋಹನ್ ಇದ್ದರು. ಒಂದು ಕೇಳಿದರೆ ಹತ್ತು ಹೇಳುವ ಜೀವ. ಮುನಿವೆಂಕಟಪ್ಪ ಹೋಗಿ ಅವರ ಮುಂದೆ ಗೋಳು ತೋಡಿಕೊಂಡರು.

"ನಿಮ್ಮ ರಕ್ತದಲ್ಲಿ ಜಾಸ್ತಿ ಇರೋದು ಗ್ಲೂಕೋಸು ಸಾರ್. ಅಂಗಡಿ ಸಕ್ಕರೆ ಬೇರೆ. ಗ್ಲೂಕೋಸು, ಫ್ರಕ್ಟೋಸು ಕೈ ಕೈ ಹಿಡ್ಕೊಂಡಿರೋ ಜೋಡಿ ಅದು. ಕೈ ಖಾಲಿ ಇಲ್ವಲ್ಲ, ಗ್ಲೂಕೋಸು ಕಂಡ್ರೆ ಕೆಂಪಾಗೋ ನಮ್ಮ ನೀಲಿ ದ್ರಾವಣದ ತಂಟೆಗೂ ಹೋಗಲ್ಲ."

"ಇದನ್ನ ನಮ್ಮನೆಯವಳ ಮುಂದೆ ಹೇಳು ಬಾರಪ್ಪ" ಎಂದು ಮುನಿವೆಂಕಟಪ್ಪ ಅವರನ್ನು ಗಾಜಿನ ಕೊಳವೆಗಳ ಸಮೇತ ಎಳೆದು ತಂದರು.

ಗ್ಲೂಕೋಸ್ ಪುಡಿ ಹಾಕಿ ಕಾಯಿಸಿದ ನೀಲಿ ದ್ರಾವಣ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಹಾಕಿದ್ದು ನೀಲಿಯಾಗಿಯೇ ಉಳಿಯಿತು. ಮುನಿವೆಂಕಟಪ್ಪ ಚುನಾವಣೆ ಗೆದ್ದವರಂತೆ ಎಲ್ಲರಿಗೂ ಕೈಮುಗಿದರು.

"ಕಣ್ಣಾರೆ ನೋಡಿದ್ಮೇಲೆ ಇನ್ನೇನು. ಊಟಕ್ಕೆ ಎರಡು ಹಾಕ್ತೀನಿ ಬಿಡಿ" ಎಂದರು ವರಲಕ್ಷ್ಮಮ್ಮ. ಹಬ್ಬದ ದಿನ ಗಂಡನ ಸಪ್ಪೆ ಮುಖ ನೋಡುವುದು ಅವರಿಗೂ ಬೇಕಿರಲಿಲ್ಲ.

ಹೂವು ಕೊಡುವ ನೆಪದಲ್ಲಿ ಬಂದಿದ್ದ ಎದುರುಮನೆಯ ಅಕ್ಕಯಮ್ಮ ಬಾಯಿ ಹಾಕಿದರು. "ಆಯಪ್ಪ ತಿನ್ನೋದು ಪಾಕ ಅಲ್ವಾ? ಅದನ್ನೂ ಒಂದ್ಸಲ ನೋಡ್ಬಿಡಪ್ಪ ಮೇಷ್ಟ್ರೇ."

ನೋಡಿದರು. ಪಾಕ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಅಮ್ಮ, ಇದಕ್ಕೆ ನಿಂಬೆಹಣ್ಣು ಹಿಂಡಿದ್ರಾ?"

"ಹಿಂಡ್ದೆ ಇರ್ತೀನಾ? ಇಲ್ಲಾಂದ್ರೆ ಪಾಕ ಹರಳು ಕಟ್ಟತ್ತೆ."

"ಅದೇ ಆಗಿರೋದು. ಹುಳಿ ಜೊತೆ ಕುದಿದ್ರೆ ಜೋಡಿ ಕೈ ಬಿಟ್ಕೊಳ್ಳತ್ತೆ."

"ಹಂಗಾದ್ರೆ ನನಗೆ ನಿಂಬೆ ಹಾಕ್ದೆ ಬೇರೆ ಮಾಡೇ" ಎಂದು ಮುನಿವೆಂಕಟಪ್ಪ ಗೋಗರೆದರು. ವರಲಕ್ಷ್ಮಮ್ಮ ಕೊಂಚ ಪಾಕ ಬೇರೆ ಕಾಯಿಸಿದರು. ಪರೀಕ್ಷೆಯಲ್ಲಿ ಅದು ನೀಲಿಯಾಗಿಯೇ ಉಳಿಯಿತು.

ಊಟದ ಹೊತ್ತಿಗೆ ಜಾಮೂನಿನ ಸೌಟು ಮುನಿವೆಂಕಟಪ್ಪನವರ ಎಲೆಯ ಮೇಲೆ ಬಗ್ಗಿತು. ಪಕ್ಕದ ಎಲೆಯಲ್ಲಿ ಕೂತಿದ್ದ ಮೇಷ್ಟ್ರು ಬಾಯಿ ಒರೆಸಿಕೊಂಡು, "ಹೊಟ್ಟೆಗೆ ಹೋದ್ರೆ ಆ ಜೋಡಿ ಹೆಂಗಿದ್ರೂ ಬಿಟ್ಕೊಳ್ಳತ್ತೆ ಸಾರ್, ಅಲ್ಲಿ ನಿಂಬೆಹಣ್ಣೂ ಬೇಕಿಲ್ಲ" ಎಂದರು.

ಸೌಟು ಹಾಗೆಯೇ ಮೇಷ್ಟ್ರ ಎಲೆಯ ಕಡೆ ತಿರುಗಿತು. ವರಲಕ್ಷ್ಮಮ್ಮನಿಗೆ ಈಗ ಹೊಸ ಅನುಮಾನ. "ಇವರು ಮೂರು ಹೊತ್ತೂ ಕಾಫಿ ಕುಡೀತಾರೆ ಮೇಷ್ಟ್ರೇ. ಹಾಲಲ್ಲೂ ಏನಾದ್ರೂ ಐತಾ?"

"ಇರತ್ತಮ್ಮ, ಹಾಲಿಂದೇ ಒಂದು ಸಕ್ಕರೆ. ಅದೂ ಜೋಡಿನೇ, ಆದ್ರೆ ಅದಕ್ಕಂತೂ ಒಂದು ಕೈ ಖಾಲಿನೇ" ಎಂದು ಮೇಷ್ಟ್ರು ಉತ್ಸಾಹದಿಂದ ಎದ್ದರು. ಹಾಲು ಹಾಕಿದ ಕೊಳವೆಯೂ ಕೆಂಪಾಯಿತು.

ಸಂಜೆ ಮುನಿವೆಂಕಟಪ್ಪನವರಿಗೆ ಹಾಲೂ ಇಲ್ಲದ ಕರಿ ಕಾಫಿ ಬಂತು. ಒಂದು ಗುಟುಕು ಕುಡಿದು, ಜಗುಲಿಯಲ್ಲಿ ಇನ್ನೂ ಕೂತೇ ಇದ್ದ ಮೇಷ್ಟ್ರನ್ನು ನೋಡಿ, "ಆಹಾ, ಚೆನ್ನಾಗೈತೆ ಕಣೇ" ಎಂದುಬಿಟ್ಟರು. ಇನ್ನೊಂದು ಮಾತಾಡಿದರೆ ಕಾಫಿಪುಡಿಯೂ ಕೊಳವೆಗೆ ಬಿದ್ದೀತೆಂದು ಅವರಿಗೆ ಭಯವಾಗಿತ್ತು.