ಶಲ್ಯದ ನ್ಯಾಯ

ಏಳನೇ ಕ್ಲಾಸಿನ ಮೆಹರೀನ ಶಲ್ಯದ ಒಂದು ತುದಿ ಹಿಡಿದು ಜಗ್ಗುತ್ತಿದ್ದಳು. ಇನ್ನೊಂದು ತುದಿ ಹಿಡಿದ ಅರುಣಕುಮಾರ್ ಎತ್ತಿನ ಹಗ್ಗ ಹಿಡಿದವನಂತೆ ಕಾಲೂರಿ ನಿಂತಿದ್ದ. ಉಳಿದ ಮಕ್ಕಳು ಇಬ್ಬಿಬ್ಬರಾಗಿ ಮೂಗಿಗೆ ಮೂಗು ತಾಗುವಂತೆ ಕೂತು ಕೂಗಾಡುತ್ತಿದ್ದರು. ಗುರುಶಾಂತ ಮಾಸ್ತರ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಬಾಗಿಲು ಅವನ ಬೆನ್ನಿಗೆ ಗುದ್ದುತ್ತಿತ್ತು.

“ಬಾಗ್ಲಾ ತಗೀರಿ ಮಾಸ್ತರ. ಹುಡ್ರು ಹೊಡದಾಡಿ ಸಾಯ್ತಾವು.” ಶಾಲೆಯ ಎದುರಿಗೆ ಮಿರ್ಚಿ ಕರಿಯುವ ಉಚ್ಚಂಗೆಮ್ಮನ ದನಿ.

“ಹೊಡದಾಡಾಕತ್ತಿಲ್ಲಮ್ಮ, ಕಲಿಯಾಕತ್ಯಾರ,” ಎಂದ ಗುರುಶಾಂತ. ಅವನಿಗೇ ಅದು ಖಾತ್ರಿಯಿರಲಿಲ್ಲ.

ಎಲ್ಲಕ್ಕೂ ಕಾರಣ ಶಾಲೆಯ ಅಧ್ಯಕ್ಷರಾದ ಬೊಮ್ಮಪ್ಪ. ಮೆಕ್ಕೆಜೋಳದ ವ್ಯಾಪಾರಕ್ಕೆಂದು ಹರಪನಹಳ್ಳಿಯಿಂದ ಮುಂಬೈಗೆ ಹೋದವರು ಅಲ್ಲೊಂದು ಯೆಹೂದಿ ಶಾಲೆ ನೋಡಿಕೊಂಡು ಬಂದಿದ್ದರು. ಅಲ್ಲಿ ಪುರಾತನ ಧರ್ಮಗ್ರಂಥದ ಪಕ್ಕದಲ್ಲೇ ಕಂಪ್ಯೂಟರ್ ಇತ್ತಂತೆ. ಮಕ್ಕಳು ಜೋಡಿಜೋಡಿಯಾಗಿ ಕೂತು ಜಗಳಾಡುತ್ತಲೇ ಓದುತ್ತಿದ್ದರಂತೆ. ಓಣಿಯ ಹಿರಿಯರು, ತಂದೆತಾಯಿಗಳು ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಹಾಕುತ್ತಿದ್ದರಂತೆ. ಬೊಮ್ಮಪ್ಪನವರು ಮರುಳಾಗಿಬಿಟ್ಟರು. ಅಲ್ಲಿ ಶನಿವಾರ ರಜೆ ಎಂಬ ಸಂಗತಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಊರಿಗೆ ತಂದರು.

ಶಾಲೆಯಲ್ಲಿ ಖಾಲಿಯಿದ್ದ ಕಾಯಂ ಹುದ್ದೆ ಒಂದೇ. ಅದರ ಮೇಲೆ ಗುರುಶಾಂತನ ಕಣ್ಣೂ ಇತ್ತು, ಗಣಿತದ ಶಿವಲೀಲಾ ಟೀಚರ್ ಕಣ್ಣೂ ಇತ್ತು. ಗುರುಶಾಂತ ಈ ಶನಿವಾರ ಹೊಸ ಪದ್ಧತಿಯ ಪಾಠ ಮಾಡಿ ತೋರಿಸಲಿ, ಆಮೇಲೆ ತೀರ್ಮಾನ ಎಂದಿದ್ದರು ಅಧ್ಯಕ್ಷರು. ಕಾಯಂ ಆದರೆ ಮಾತ್ರ ಮಗಳು ಅರ್ಚನಾಳನ್ನು ಕೊಡುವುದಾಗಿ ಇಟ್ಟಿಗಿ ಊರಿನ ಮಾವನಾಗುವವರು ಖಡಾಖಂಡಿತ ಹೇಳಿದ್ದರು.

ಪಾಠವನ್ನೂ ಬೊಮ್ಮಪ್ಪನವರೇ ಆ ಧರ್ಮಗ್ರಂಥದಿಂದ ತಂದಿದ್ದರು. ಅಲ್ಲಿನ ಮಕ್ಕಳು ಮೊದಲಿಗೆ ಕಲಿಯುವುದು ಇದನ್ನಂತೆ: ಇಬ್ಬರು ಒಂದೇ ಶಲ್ಯ ಹಿಡಿದುಕೊಂಡು ಬರುತ್ತಾರೆ. ಸಿಕ್ಕಿದ್ದು ನನಗೆ, ಪೂರ್ತಿ ನನ್ನದು ಎಂದು ಇಬ್ಬರೂ ಹೇಳುತ್ತಾರೆ. ನ್ಯಾಯ ಹೇಗೆ?

ಗುರುಶಾಂತ ಬೆನ್ನು ತೆಗೆದದ್ದೇ ತಡ, ಉಚ್ಚಂಗೆಮ್ಮ ಮಿರ್ಚಿ ಎತ್ತುವ ಜಾಲರಿ ಸೌಟು ಹಿಡಿದೇ ಒಳಗೆ ಬಂದಳು. ಹಿಂದೆಯೇ ಶಾಲೆಯ ವ್ಯಾನ್ ಓಡಿಸುವ ನೂರ್ ಅಹಮದ್, ಅವನ ಹಿಂದೆ ಅರ್ಧ ಓಣಿ. ವಿಷಯ ತಿಳಿದ ಮೇಲೆ ಜಗಳ ಬಿಡಿಸಲು ಬಂದವರೇ ಬೆಂಚು ಹಿಡಿದು ಜಗಳಕ್ಕೆ ಕೂತರು. ಶಲ್ಯ ಮೊದಲು ನೋಡಿದವನದೋ, ಮೊದಲು ಎತ್ತಿಕೊಂಡವನದೋ? ಬಿಸಾಕಿ ಹೋದವನು ತಿರುಗಿ ಬಂದರೆ? ಗುರುಶಾಂತನಿಗೆ ತಾನು ಪಾಠ ಮಾಡುತ್ತಿದ್ದೇನೋ, ಸಂತೆಯಲ್ಲಿ ಕಳೆದುಹೋಗಿದ್ದೇನೋ ತಿಳಿಯದಾಯಿತು. ಕೊನೆಗೆ ಇಬ್ಬರಿಂದಲೂ ಆಣೆ ಮಾಡಿಸಿ ಅರ್ಧ ಅರ್ಧ ಹಂಚಬೇಕೆಂದು ಇಡೀ ಕೋಣೆ ಒಪ್ಪಿತು. ಗ್ರಂಥದ ತೀರ್ಪೂ ಅದೇ ಆಗಿತ್ತು. ಅಷ್ಟರಲ್ಲಿ ಶಲ್ಯ ಪರ್ರನೆ ಹರಿದು ತಾನೇ ಅರ್ಧವಾಯಿತು.

ಬೊಮ್ಮಪ್ಪನವರು ಶಿವಲೀಲಾ ಟೀಚರ್ ಜೊತೆ ಬಂದು ನಿಂತಾಗ ಎರಡನೇ ಪ್ರಶ್ನೆ ನಡೆದಿತ್ತು. ಒಬ್ಬ ಪೂರ್ತಿ ನನ್ನದು ಅನ್ನುತ್ತಾನೆ, ಇನ್ನೊಬ್ಬ ಅರ್ಧ ನನ್ನದು ಅನ್ನುತ್ತಾನೆ. ಆಗ?

ನೂರ್ ಅಹಮದನ ಮಗಳು ಮೆಹರೀನ ಎದ್ದು ನಿಂತಳು. “ಅರ್ಧ ಕೇಳಿದಾವ, ಉಳಿದ ಅರ್ಧ ನಂದಲ್ಲ ಅಂತ ತಾನ ಒಪ್ಪಿಕೊಂಡಂಗ ಆತಲ್ರಿ ಸರ. ಅದು ಪೂರ್ತಿ ಕೇಳಿದಾವಗ ಹೋತು. ಜಗಳ ಇರೋದು ಇನ್ನೊಂದ ಅರ್ಧಕ್ಕ. ಅದನ್ನ ಇಬ್ರಿಗೂ ಹಂಚ್ರಿ. ಅವಗ ಮುಕ್ಕಾಲು, ಇವಗ ಕಾಲು.”

ಗುರುಶಾಂತನ ಎದೆ ಉಬ್ಬಿತು. ಗ್ರಂಥದಲ್ಲೂ ಹೀಗೇ ಇದೆ, ಇದಕ್ಕಿಂತ ದೊಡ್ಡ ನ್ಯಾಯ ಭೂಮಿಯ ಮೇಲೆ ಇಲ್ಲ ಎಂದು ಎಲ್ಲರೆದುರು ಸಾರಿದ. ಬೊಮ್ಮಪ್ಪನವರ ಕಣ್ಣು ತುಂಬಿ ಬಂತು. ಮುಂಬೈಯನ್ನೇ ತಂದು ಕೂರಿಸಿದ್ದೀರಿ ಎಂದರು. ಹುದ್ದೆಯ ಮಾತನ್ನೂ ಇದೇ ಜನರ ಮುಂದೆ ಮುಗಿಸಿಬಿಡೋಣ ಎಂದು ಶಿವಲೀಲಾ ಟೀಚರ ಕಡೆ ತಿರುಗಿದರು.

“ಪೂರ್ತಿ ನಂದ್ರಿ,” ಎಂದಳು ಶಿವಲೀಲಾ.

ಗುರುಶಾಂತನಿಗೆ ತನ್ನ ದಿನ ಬಂದಿದೆ ಅನ್ನಿಸಿತು. ಗೆದ್ದವನು ಸ್ವಲ್ಪ ಬಾಗಿದರೆ ಚೆಂದ, ಬಾಗಿದವನಿಗೆ ಹಿರಿಯರು ಎಲ್ಲವನ್ನೂ ಮಡಿಲಿಗೆ ಹಾಕುತ್ತಾರೆ ಎಂದು ಲೆಕ್ಕ ಹಾಕಿದ. ಕೈ ಜೋಡಿಸಿದ.

“ಟೀಚರಿಗೂ ಸಂಸಾರ ಐತ್ರಿ. ನನಗ ಅರ್ಧ ಆದ್ರೂ ಸಾಕ್ರಿ.”

ಮಕ್ಕಳು ಮುಖ ಮುಖ ನೋಡಿಕೊಂಡರು. ಮೆಹರೀನಳ ಕೈ ನಿಧಾನವಾಗಿ ಮೇಲೆ ಹೋಯಿತು.

ಅವಳು ಬಾಯಿ ತೆರೆಯುವುದೇ ಬೇಕಾಗಲಿಲ್ಲ. ಹಿಂದಿನ ಬೆಂಚಿನಿಂದ ಉಚ್ಚಂಗೆಮ್ಮ ಸೌಟು ಎತ್ತಿ, “ಟೀಚರಿಗೆ ಮುಕ್ಕಾಲು, ಮಾಸ್ತರಿಗೆ ಕಾಲು,” ಎಂದಳು. ಬೊಮ್ಮಪ್ಪನವರು ಹೌದೌದೆಂದು ತಲೆಯಾಡಿಸಿ, ಗುರುಶಾಂತನಿಗೆ ದಿನದ ಎಂಟರಲ್ಲಿ ಎರಡು ಪೀರಿಯಡ್, ಮಿಕ್ಕಿದ್ದು ಟೀಚರಿಗೆ ಎಂದು ಘೋಷಿಸಿ, ಹರಿದ ಶಲ್ಯದ ಒಂದು ತುಂಡನ್ನು ಅವನಿಗೇ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುರುಶಾಂತನೂ ತಟ್ಟಿದ, ಯಾತಕ್ಕೆಂದು ತಿಳಿಯದೆ.

ಹೊರಗೆ ಬಂದು ವ್ಯಾನಿನ ನೆರಳಿನಲ್ಲಿ ನಿಂತ. ತಾನೀಗ ಕಾಯಂ ಆದೆನೋ ಇಲ್ಲವೋ? ಕಾಲು ಕಾಯಂ ಆದ ಅಳಿಯನನ್ನು ಇಟ್ಟಿಗಿಯವರು ಹೊಸಿಲಿನ ಒಳಗೆ ಕರೆಯುತ್ತಾರೋ, ಕಟ್ಟೆಯ ಮೇಲೇ ಕೂರಿಸುತ್ತಾರೋ? ಯೋಚಿಸಿದಷ್ಟೂ ತಲೆ ಗಿರಗಿರ ತಿರುಗಿತು.

ಮಗಳ ಜಾಣತನಕ್ಕೆ ಹಿಗ್ಗಿಹೋಗಿದ್ದ ನೂರ್ ಅಹಮದ್ ಚಹಾದ ಅಂಗಡಿಯಿಂದ ಬಂದ. ಇಬ್ಬರೂ ದಿನಾ ಒಂದು ಚಹಾವನ್ನು ಬೈಟು ಮಾಡಿ ಕುಡಿಯುವುದು ರೂಢಿ. ಅರ್ಧ ತುಂಬಿದ ಎರಡು ಗ್ಲಾಸುಗಳಲ್ಲಿ ಒಂದನ್ನು ಮುಂದೆ ಹಿಡಿದ.

“ತಗೋರಿ ಸರ. ನಿಮ್ಮ ಅರ್ಧ.”

“ಅರ್ಧ ಬ್ಯಾಡ,” ಎಂದ ಗುರುಶಾಂತ. “ಪೂರ್ತಿ ನಂದು.”