ಹೆಜ್ಜೆ ಊರುವ ಮುಂಚೆ

ಹದಿಮೂರು ತುಂಬಿದ್ದೇ ತಡ, ಲಾಸ್ಯಾ ರೂಮಿನ ಬಾಗಿಲು ಹಾಕಿಕೊಂಡಳು. ಅಪ್ಪ ದ್ವಾರಕಾನಾಥನ ಪಾಲಿಗೆ ಉಳಿದದ್ದು “ಓಕೆ”, “ಫೈನ್” ಎರಡೇ. ಅವಳು ನಗುನಗುತ್ತ ಮನೆಯಿಂದ ಹೊರಡುತ್ತಿದ್ದದ್ದು ಶುಕ್ರವಾರ ಸಂಜೆ, ಅವರಿದ್ದ ಪರದೇಶದ ಊರು ಪ್ಲೆಸೆಂಟನ್ನಿನ ಜೂಡೋ ಕ್ಲಾಸಿಗೆ ಮಾತ್ರ. ಆ ಕ್ಲಾಸಿಗೆ ಹೊಸದಾಗಿ ಕಲಿಯುವ ಅಪ್ಪ ಅಮ್ಮಂದಿರೂ ಸೇರಬಹುದೆಂದು ಗೊತ್ತಾದ ವಾರವೇ ದ್ವಾರಕಾನಾಥ ಹೊಟ್ಟೆಗೆ ಬಿಳಿ ಬೆಲ್ಟು ಬಿಗಿದು, ದಾರ ಸುತ್ತಿದ ಕಳಶದ ಹಾಗೆ ಮಗಳ ಎದುರು ನಿಂತ.

ಮೂರು ತಿಂಗಳಿಂದ ಒಂದೇ ಪಟ್ಟು. ಎದುರಿನವರು ಮುಂದಿಟ್ಟ ಹೆಜ್ಜೆ ಇನ್ನೇನು ಊರಬೇಕು, ಮೈಭಾರ ಅದರ ಮೇಲೆ ಬೀಳುವ ಮುಂಚೆ ಆ ಪಾದವನ್ನು ಅಂಗಾಲಿನಿಂದ ಗುಡಿಸಿಬಿಡಬೇಕು. ಬೇಗ ಬೀಸಿದರೆ ಬರೀ ಗಾಳಿ, ತಡವಾದರೆ ಕಲ್ಲುಕಂಬ. ದ್ವಾರಕಾನಾಥನಿಗೆ ಸಿಗುತ್ತಿದ್ದದ್ದು ಕಂಬವೇ. ಹೋದ ವಾರ ಕಾರಿನಲ್ಲಿ ಲಾಸ್ಯಾ, “ಯು ಕಿಕ್ ಲೈಕ್ ಎ ಡಾಂಕಿ. ಎಲ್ಲಾರೂ ನೋಡ್ತಾರೆ, ಅಪ್ಪಾ” ಅಂದಿದ್ದಳು. ಆ ತಿಂಗಳಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದೇ.

ಹಾಗಾಗಿ ಈ ಶುಕ್ರವಾರ ಬೆಳಗಿನಿಂದಲೇ ಅವನ ಅಭ್ಯಾಸ. ಮನೆ ಮುಂದಿನ ಟಪಾಲು ಡಬ್ಬಿಯ ಹತ್ತಿರ ಬಲಗಾಲು ಬೀಸುತ್ತಿದ್ದಾಗ ಪಕ್ಕದ ಮನೆಯ ಡಾಕ್ಟರ್ ಹಂಸಾ ಕಾರು ನಿಲ್ಲಿಸಿದರು.

“ಕಾಲು ತಾನಾಗೇ ಎಗರುತ್ತಾ? ಎಷ್ಟು ದಿನದಿಂದ?”

“ಇಲ್ಲ ಡಾಕ್ಟ್ರೇ, ಜೂಡೋ...”

“ಎಲ್ಲ ಪೇಷೆಂಟ್ಸೂ ಏನಾದ್ರೊಂದು ಹೇಳ್ತಾರೆ ಬಿಡಿ.”

ಆಫೀಸಿನಲ್ಲಿ ಸಹೋದ್ಯೋಗಿ ಪ್ರದ್ಯುಮ್ನ, ಕೈಯಲ್ಲಿ ಕಾಫಿ ಹಿಡಿದೇ ಎದೆಯುಬ್ಬಿಸಿದ. “ನನ್ ಮೇಲೆ ಮಾಡಿ ಗುರುವೇ. ನಾನೇನು ಸಕ್ಕರೆ ಗೊಂಬೆನಾ?” ಒದೆ ಮೊಣಕಾಲಿನ ಕೆಳಗೆ ಬಿತ್ತು, ಕಾಫಿ ಕಾರ್ಪೆಟ್ಟಿನ ಮೇಲೆ. ಸಕ್ಕರೆ ಗೊಂಬೆ ಮಧ್ಯಾಹ್ನವಿಡೀ ಕುಂಟಿತು. ಮ್ಯಾನೇಜರ್ ಕಂಡಾಗ ಸ್ವಲ್ಪ ಹೆಚ್ಚಾಗಿಯೇ.

ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. “ಹಂಸಾ ಫೋನ್ ಮಾಡಿದ್ರು ರೀ. ಸ್ಕ್ಯಾನ್ ಆಗೋವರ್ಗೂ ಜೂಡೋ ಗೀಡೋ ಏನೂ ಬೇಡ.”

“ಮಗೂನ ಬಿಟ್ಟು ಬರ್ತೀನಿ ಅಷ್ಟೇ ಕಣೇ,” ಎಂದು ದ್ವಾರಕಾನಾಥ ಜೂಡೋ ಬಟ್ಟೆಯ ಮೇಲೆ ಉದ್ದದ ಕೋಟು ತೊಟ್ಟು ಕಾರು ಹತ್ತಿದ.

ಕ್ಲಾಸಿನಲ್ಲಿ ಅಪ್ಪ ಮಗಳು ಒಬ್ಬರ ತೋಳು ಒಬ್ಬರು ಹಿಡಿದರು. ಅವನು ಹಿಂದೆ ಹಿಂದೆ, ಅವಳು ಮುಂದೆ ಮುಂದೆ. ಇದ್ದಕ್ಕಿದ್ದಂತೆ ದ್ವಾರಕಾನಾಥನಿಗೆ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಅವಳಿಗೆ ನಡೆಯಲು ಕಲಿಸಿದ್ದೂ ಹೀಗೇ, ಎರಡೂ ಕೈ ಹಿಡಿದು. ಬಲಹೆಜ್ಜೆ ಊರುವ ಮುಂಚೆ ಆಗಲೂ ಒಂದು ಚೂರು ಅನುಮಾನಿಸುತ್ತಿದ್ದಳು; ಈಗಲೂ ಅನುಮಾನಿಸಿದಳು. ಅವನ ಕಾಲು ತಾನಾಗಿ ಜಾರಿ ಹೋಯಿತು. ಲಾಸ್ಯಾ ಗಾಳಿಯಲ್ಲಿ ಅಡ್ಡವಾಗಿ ತೇಲಿ ಧೊಪ್ಪನೆ ಚಾಪೆಗೆ ಬಿದ್ದಳು.

ಬಿದ್ದಲ್ಲೇ ನಕ್ಕಳು. “ಅಪ್ಪಾ! ಹೆಂಗ್ ಮಾಡ್ದೆ? ಇನ್ನೊಂದ್ಸಲ ಮಾಡು, ಪ್ಲೀಸ್!”

ಎಷ್ಟು ದಿನ ಕಾದಿದ್ದ ಈ ದನಿಗೆ! ಅವನಿಗೆ ಕಣ್ಣು ಮಂಜಾಯಿತು. ಮತ್ತೆ ಬೀಳಿಸಿದ, ಮತ್ತೆ ನಕ್ಕಳು. ಪಟ್ಟಿನ ಬಗ್ಗೆ, ಸ್ಕೂಲಿನ ಬಗ್ಗೆ, ಜಗಳವಾಡಿದ ಗೆಳತಿಯ ಬಗ್ಗೆ, ಬಿದ್ದು ಎದ್ದ ಪ್ರತಿ ಸಲವೂ ಒಂದೊಂದು ಮಾತಾಡಿದಳು.

ಮೂಲೆಯಿಂದ ನೋಡುತ್ತಿದ್ದ ಮುದಿ ಗುರುಗಳು ಹತ್ತಿರ ಬಂದು ಇಂಗ್ಲಿಷಿನಲ್ಲಿ ಹೇಳಿದರು: “ಇದು ಕಲಿಯೋಕೆ ಕೆಲವರಿಗೆ ವರ್ಷಗಳೇ ಬೇಕು. ನಿಮ್ಮನ್ನ ಇನ್ನು ಈ ಕ್ಲಾಸಿನಲ್ಲಿ ಇಟ್ಟುಕೊಳ್ಳೋದು ಅನ್ಯಾಯ. ಮಂಗಳವಾರದಿಂದ ದೊಡ್ಡವರ ಕ್ಲಾಸಿಗೆ ಬನ್ನಿ.”

ಲಾಸ್ಯಾ ಇಲ್ಲದ ಕ್ಲಾಸು! ದ್ವಾರಕಾನಾಥ ಅಡ್ಡಡ್ಡ ತಲೆಯಾಡಿಸಿದ. “ಇಲ್ಲ ಸರ್! ಇವಳೊಬ್ಬಳ ಮೇಲೆ ಮಾತ್ರ ಬರೋದು. ಬೇರೆಯವರ ಹೆಜ್ಜೆ ನನಗೆ ಗೊತ್ತಾಗಲ್ಲ!”

“ಎಂಥ ವಿನಯ!” ಎಂದ ಗುರುಗಳು ಎಲ್ಲರನ್ನೂ ಸಾಲಾಗಿ ಕೂರಿಸಿದರು. “ಎಲ್ಲರಿಗೂ ಒಮ್ಮೆ ತೋರಿಸಿ.”

ಈ ಸಲ ಬೇಕೆಂದೇ ತಪ್ಪಿಸಬೇಕು ಅಂದುಕೊಂಡ. ಆದರೆ ಅವಳ ಬಲಹೆಜ್ಜೆ ಎದ್ದದ್ದೇ ತಡ, ಹಾಳಾದ ಕಾಲು ಮನಸ್ಸಿನ ಮಾತು ಕೇಳಲಿಲ್ಲ. ಲಾಸ್ಯಾ ಹೂವಿನಂತೆ ಮೇಲೆದ್ದು ಚಾಪೆಗೆ ಬಿದ್ದಳು.

ಗುರುಗಳು ಅವನ ಕೈ ಕುಲುಕಿ, ಮಂಗಳವಾರದ ಪಟ್ಟಿಯಲ್ಲಿ ಹೆಸರು ಬರೆದುಕೊಂಡರು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಲಾಸ್ಯಾ.